ಗಸಗಸೆ ಪೊಟ್ಟಣ

ಸಿಂಗಪುರ,
ಬುಧವಾರ

ಜಗದಾಂಬಕ್ಕನವರಿಗೆ,

ನೀವು ಸುಖವಾಗಿ ಭದ್ರಾವತಿ ತಲುಪಿದ್ದು ಟೂರ್ ಗ್ರೂಪಿನ ಫೋಟೋಗಳಿಂದ ತಿಳಿಯಿತು. ಫೋನ್ ಎತ್ತುತ್ತಿಲ್ಲವಾದ್ದರಿಂದ ಪತ್ರ ಬರೆಯುತ್ತಿದ್ದೇನೆ.

ಗಸಗಸೆಯ ವಿಚಾರಣೆ ಮುಗಿದಿಲ್ಲ. ನನ್ನ ಪಾಸ್‌ಪೋರ್ಟ್ ಇನ್ನೂ ಅಧಿಕಾರಿಗಳ ಬಳಿಯೇ ಇದೆ. ನಿನ್ನೆ ಅವರ ಆಫೀಸಿಗೆ ಹೊರಟವಳು ಎಲ್ಲಿ ಇಳಿಯಬೇಕೆಂದು ತಿಳಿಯದೆ ಬಸ್ಸಿನ ಕೊನೇ ಸ್ಟಾಪಿನವರೆಗೂ ಹೋದೆ. ಶಿವಮೊಗ್ಗದ ಬಸ್ಸಾಗಿದ್ದರೆ ಕಂಡಕ್ಟರ್ "ಅಮ್ಮಾ, ನಿಮ್ ಸ್ಟಾಪ್ ಬಂತು, ಇಳೀರಿ" ಅನ್ನುತ್ತಿದ್ದ. ಇಲ್ಲಿ ಕಂಡಕ್ಟರೇ ಇಲ್ಲ. ನಾನು ಮುಟ್ಟುವಷ್ಟರಲ್ಲಿ ಆಫೀಸಿನ ಬಾಗಿಲು ಹಾಕಿತ್ತು.

ಗಸಗಸೆ ಈ ದೇಶದಲ್ಲಿ ನಿಷಿದ್ಧವೆಂದು ನನಗೆ ಗೊತ್ತಿರಲಿಲ್ಲ. ನಿಮಗೂ ಗೊತ್ತಿರಲಿಲ್ಲವೆಂದೇ ನಂಬಿದ್ದೇನೆ. "ಸಿಂಗಪುರದಲ್ಲಿರೋ ಮಗಳಿಗೆ ಪಾಯಸಕ್ಕೆ ಬೇಕಂತೆ ಮಾರಾಯ್ತಿ, ನನ್ ಬ್ಯಾಗಲ್ಲಿ ಜಾಗ ಇಲ್ಲ" ಎಂದು ನೀವು ಪೊಟ್ಟಣವನ್ನು ನನ್ನ ಬ್ಯಾಗಿಗೆ ತುರುಕಿದ್ದಕ್ಕೂ ಬೇಸರವಿಲ್ಲ. ಆದರೆ ಇಲ್ಲಿನ ಏರ್‌ಪೋರ್ಟಿನಲ್ಲಿ ತಮಿಳು ಅಧಿಕಾರಿ ಅದನ್ನು ಎತ್ತಿ ಹಿಡಿದಾಗ, ಈಕೆ ಯಾರೋ ನನಗೆ ಗೊತ್ತಿಲ್ಲವೆಂದು ನೀವು ತಮಿಳಿನಲ್ಲಿ ಹೇಳಿದಿರಿ. ಕಾಗದನಗರದ ಕ್ವಾರ್ಟರ್ಸಿನಲ್ಲಿ ಆ ತಮಿಳನ್ನು ನಾವಿಬ್ಬರೂ ಒಂದೇ ಜಗಲಿಯಲ್ಲಿ ಕೂತು ಕಲಿತದ್ದು ಮರೆತಿರಾ?

ನಿಮ್ಮ ಬಳಿ ಇರುವ ನನ್ನ ಮನೆಯ ಬೀಗದ ಕೈಯನ್ನು ರಾಗಿಗುಡ್ಡದ ನನ್ನ ತಂಗಿಗೆ ಕೊಟ್ಟುಬಿಡಿ. ನಾನು ಬರುವ ದಿನ ಸ್ಟೇಷನ್ನಿಗೆ ಬರಬೇಡಿ.

ಪೊಟ್ಟಣ ಯಾರದೆಂದು ಇವತ್ತು ಆಫೀಸಿಗೆ ಹೋದಾಗಲೂ ಕೇಳಿದರು. ನಿಮ್ಮ ಮಗಳ ವಿಳಾಸ ನನ್ನ ಪರ್ಸಿನಲ್ಲೇ ಇತ್ತು. ನನ್ನದೇ ಎಂದೆ. ಜೊತೆಗೆ ಪರಿಚಯದವರು ಯಾರಾದರೂ ಇದ್ದರೇ ಎಂದು ತಮಿಳಿನಲ್ಲಿ ಕೇಳಿದರು.

ಯಾರೂ ಇರಲಿಲ್ಲ ಎಂದೆ.

ಇಂತಿ,
ನಿಮ್ಮ ಪಕ್ಕದ ಮನೆಯವಳು,
ಶಿವಗಂಗಾ