ಪೇಟದ ಅಳತೆಗೆ ಬಸ್ಸಿನ ಸೂರು

ಕೋಲಾರ, ಫೆಬ್ರವರಿ ೧೯೩೮

ಮಹಾಸಭೆಗೆ ನಮಸ್ಕಾರ! ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಯವರಿಗೆ ವಿಶೇಷ ನಮಸ್ಕಾರ!

ನೆನ್ನೆ ಎತ್ತಿನ ಗಾಡಿ ಕಟ್ಟಿದ ಬೀದಿ, ಇಂದು ಹಿಡಿದಿದೆ ಮೋಟಾರಿನ ಹಾದಿ. ಮದರಾಸಿನಿಂದ ಇಂಜಿನ್ನು, ಚಕ್ರ ಬರುತ್ತವೆ. ಅವುಗಳ ಮೇಲೆ ಬಸ್ಸಿನ ಮರದ ಮೈ ಕಟ್ಟುವವರು ಇಲ್ಲಿನ ಗಾಡಿ ಬಡಗಿಗಳು. ಮೊದಲು ಒಂದೇ ಷೆಡ್ಡಿತ್ತಂತೆ, ಈಗ ಬೀದಿಯುದ್ದಕ್ಕೂ ಷೆಡ್ಡುಗಳೇ. ಅವುಗಳಲ್ಲೊಂದರಲ್ಲಿ ಗುಮಾಸ್ತನ ಕೆಲಸ ಹಿಡಿಯಲೆಂದು ಅಣ್ಣ ನನ್ನನ್ನು ಕಳಿಸಿದ್ದು ಸಭೆಗೆ ತಿಳಿದೇ ಇದೆ.

ಮೊದಲ ಬಸ್ಸಿನ ಸೂರನ್ನು ಬಡಗಿಗಳು ತಮ್ಮ ಬರಿತಲೆಯ ಅಳತೆಗೇ ಇಳಿಸಿಬಿಟ್ಟಿದ್ದರು. ಮುಳಬಾಗಿಲು ಮುಟ್ಟುವಷ್ಟರಲ್ಲಿ ಪ್ರಯಾಣಿಕರ ಪೇಟಗಳೆಲ್ಲ ಮಡಿಲಿಗೆ! ಅಂದಿನಿಂದ ಪೇಟ ಸುತ್ತಿದವನೊಬ್ಬನನ್ನು ಒಳಗೆ ಕೂರಿಸಿ, ಬಸ್ಸನ್ನು ಕುಲುಕಿ ನೋಡಿದ ಮೇಲೆಯೇ ಸೂರಿಗೆ ಮೊಳೆ.

“ಏಮಯ್ಯಾ, ತಲೆಗೆ ತಗುಲ್ತಾ?” ಎಂದು ಮೇಸ್ತ್ರಿ ವೀರಾಚಾರಿ ಅವನನ್ನು ಕೇಳುತ್ತಾನೆ.

“ಪೇಟ ಬಿಚ್ಕೊಂಡ್ರೆ ನಾನ್ ಸುತ್ತಿಕೊಡಲ್ಲ ಕಣಪ್ಪೋ!” ಎಂದು ಸೀಟು ಹೊಲಿಯುವ ಲತೀಫ್ ನಗುತ್ತಾನೆ.

ಆರೋಗ್ಯ ಚೆನ್ನಾಗಿದೆ, ಮರದ ಹೊಟ್ಟಿಗೆ ಸ್ವಲ್ಪ ಸೀನು, ಅಷ್ಟೇ. ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ.

ಅತ್ತಿಗೆ, ಭಾಷಣ ಸಾಕು. ಗುಮಾಸ್ತನ ಕೆಲಸ ಬೇರೆಯವರ ಪಾಲಾಯಿತು. ಆ ಪೇಟದವನು ನಾನೇ, ಈಗ ಅದೇ ನನ್ನ ಕೆಲಸ. ಬಹಳ ಖುಷಿಯಾಗಿದ್ದೇನೆ, ಅಣ್ಣನಿಗೆ ಹೇಗೆ ಹೇಳುವುದೋ ನೀವೇ ನೋಡಿ.

ನಿಮ್ಮ ಮೈದುನ