ಸಾರಿಸಿದ ಗೋಡೆಯೊಳಗಿನ ಹುಳ

ಫೆಬ್ರುವರಿ ೩೦, ೨೨೧೪

ಈ ಹಿತ್ತಲಲ್ಲಿ ನಮಗಿಂತ ಮೊದಲು ಇದ್ದವರಿಗೆ,

ನನ್ನ ಅಕ್ಷರ ಚೆನ್ನಾಗಿಲ್ಲ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದೇನೆ; ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಬೇಕು. ತಾರೀಖು ಮಾತ್ರ ತಪ್ಪಲ್ಲ. ನಿಮ್ಮ ಫೆಬ್ರುವರಿಯಲ್ಲಿ ಮೂವತ್ತನೆಯ ದಿನವೇ ಇರಲಿಲ್ಲವಂತೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ಮಿಕ್ಕವು ವರ್ಷದ ಕೊನೆಯಲ್ಲಿ ರಜೆ. ಇನ್ನೂ ಕೆಲವು ಮಾತು ನಿಮಗೆ ವಿಚಿತ್ರ ಅನಿಸಬಹುದು, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಎದುರಿಗೆ ನಿಂತು ಮಾತಾಡಲು ನನಗೆ ಸಂಕೋಚ. ನೀವು ಎದುರಿಗಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನಮ್ಮ ಊರು ಗದಗದಿಂದ ಕಪ್ಪತಗುಡ್ಡದ ಕಡೆ ಹೋಗುವ ದಾರಿಯಲ್ಲಿದೆ. ಇಲ್ಲಿ ಬೆಳಿಗ್ಗೆ ಹತ್ತಕ್ಕೆ ಬಿಸಿಲುಗಂಟೆ ಹೊಡೆಯುತ್ತಾರೆ. ಅದು ಕೇಳಿದ ಮೇಲೆ ಸಂಜೆಯವರೆಗೆ ಯಾರೂ ಹೊರಗೆ ಇರುವಂತಿಲ್ಲ. ಹಾಗಾಗಿ ಬಟ್ಟೆ ಒಗೆಯುವುದು, ನೀರು ತರುವುದು, ಜಗಳವಾಡುವುದು ಎಲ್ಲ ಹತ್ತರೊಳಗೇ ಮುಗಿಯಬೇಕು. ನನ್ನ ಕೆಲಸವೂ ಅಷ್ಟರೊಳಗೇ. ನಾನು ಕಣ್ಣುಡಬ್ಬಿ ಹಿಡಿದು ಹಿತ್ತಲಿನ ಹುಳಗಳ ಚಿತ್ರ ತೆಗೆಯುತ್ತೇನೆ. ಕಣ್ಣುಡಬ್ಬಿ ಎಂದರೆ ಕೊರಳಿಗೆ ಹಾಕಿಕೊಳ್ಳುವ ಕ್ಯಾಮೆರಾ. ಇರುವೆಯ ಮೀಸೆಯೂ ಅದರಲ್ಲಿ ಹಗ್ಗದಷ್ಟು ದಪ್ಪ ಕಾಣುತ್ತದೆ. ಹುಳದ ಮುಂದೆ ಉಸಿರು ಬಿಗಿಹಿಡಿದು ಕೂರಬೇಕು, ನೆರಳು ಅದರ ಮೇಲೆ ಬೀಳಬಾರದು. ಮಾತಾಡದವರಿಗೆ ಒಳ್ಳೆಯ ಕೆಲಸ.

ನಮ್ಮ ಓಣಿಯ ಹಿತ್ತಲುಗಳೆಲ್ಲ ಒಂದೊಂದಾಗಿ ಗಾಜಿನ ತೋಟಗಳಾಗಿವೆ. ಮೇಲೆ ಗಾಜಿನ ಚಾವಣಿ, ಒಳಗೆ ಹೂವಿನಿಂದ ಹೂವಿಗೆ ಪರಾಗ ಒರೆಸುವ ಯಂತ್ರ. ಒಳಗೆ ನಮಗೆ ಪ್ರವೇಶವಿಲ್ಲ, ಕಾಯಿ ಮಾತ್ರ ಹೊರಗೆ ಬರುತ್ತದೆ. ಬಯಲಾಗಿ ಉಳಿದಿರುವುದು ನನ್ನ ಸೋದರತ್ತೆ ಗಂಗಮಾಳವ್ವನ ಹಿತ್ತಲೊಂದೇ. ಹುಳ ನೆಲೆಸಿದ ಹಿತ್ತಲಿಗೆ ಗಾಜು ಹಾಕುವುದಿಲ್ಲ; ಅದು ಉಳಿಯಬೇಕಾದರೆ ಈ ತಿಂಗಳೊಳಗೆ ಸರ್ಕಾರದವರಿಗೆ ಒಂದು ನೆಲೆಚಿತ್ರ ತೋರಿಸಬೇಕಿತ್ತು. ಹಾರಿಹೋಗುವ ಹುಳದ ಚಿತ್ರವಾದರೆ ನಡೆಯದು; ಅದು ಇಲ್ಲಿಯೇ ಗೂಡಿನಿಂದ ಹುಟ್ಟಿ ಬಂತೆಂದು ಕಾಣಬೇಕು. ಅಂಥದ್ದಕ್ಕೆ ನೆಲೆಚಿತ್ರ ಎನ್ನುತ್ತೇವೆ.

ನಮ್ಮಲ್ಲಿದ್ದದ್ದು ಒಂದೇ ಗೂಡು. ಹೀರೇಬಳ್ಳಿಯ ಹಗ್ಗ ಕಟ್ಟಿದ ಮೊಳೆಯ ಪಕ್ಕದಲ್ಲಿ, ಗೋಡೆಯ ಮೇಲೆ, ಒಂದು ಕುಂಬಾರ ಹುಳ ಹಸಿಮಣ್ಣು ತಂದು ಪುಟ್ಟ ಗಡಿಗೆ ಕಟ್ಟಿತ್ತು. ಒಳಗೆ ಮೊಟ್ಟೆ ಇಟ್ಟು, ಮರಿ ತಿನ್ನಲು ಹಸಿರು ಹುಳ ತುಂಬಿ, ಬಾಯಿ ಮುಚ್ಚಿ ಹೊರಟುಹೋಯಿತು. ಬಾಯಿ ಮುಚ್ಚುವಾಗಿನ ಚಿತ್ರ ನನಗೆ ಸಿಕ್ಕಿತ್ತು. ಅತ್ತೆ ನನ್ನ ಬೆನ್ನಹಿಂದೆ ನಿಂತು, “ನಿನ್ನ ಮದುವಿ ಫೋಟೋಕ್ಕರ ಇಷ್ಟೊತ್ತು ಕುಂದರತಿಯೇನ, ಇಂದ್ರವ್ವ?” ಎಂದು ಕಾಡಿಸಿದಳು. ಇನ್ನು ಮರಿ ಹೊರಗೆ ಬರುವ ಚಿತ್ರವೊಂದು ಬೇಕು, ತಿಂಗಳ ಕೊನೆಗೆ ಬರಬಹುದು ಎಂದು ನಾನು ಹೇಳಿದೆ. ಅಷ್ಟೇ ಹೇಳಿದ್ದು.

ನಮ್ಮ ಓಣಿಯಲ್ಲಿ ಯಾರ ಚಿತ್ರ ತೆಗೆಯುವುದಿದ್ದರೂ ಮೊದಲು ಹಿಂದಿನ ಗೋಡೆ ಸಾರಿಸುವುದು ವಾಡಿಕೆ. ಕೂಸಿನದಾಗಲಿ, ಮದುಮಕ್ಕಳದಾಗಲಿ, ಹೊಲಸು ಗೋಡೆಯ ಮುಂದೆ ತೆಗೆಸುವುದಿಲ್ಲ. ಮರುದಿನ ಬೆಳಿಗ್ಗೆ ನಾನು ಹಿತ್ತಲಿಗೆ ಬಂದಾಗ ಅತ್ತೆಯ ಕೈ ಮೊಣಕೈವರೆಗೂ ಸಗಣಿ ಮಣ್ಣಾಗಿತ್ತು. ಗೋಡೆ ನುಣ್ಣಗೆ ಹೊಳೆಯುತ್ತಿತ್ತು.

“ಹುಳದ ಚಿತ್ರಾದ್ರೇನ, ಗ್ವಾಡಿ ನಮ್ದಲ್ಲ? ನೋಡು, ಹೆಂಗ ಕಾಣ್ತೈತಿ!”

“ಅತ್ತೀ, ಗೂಡು?”

“ಆ ಮಣ್ಣಿನ ಗಂಟೇನು? ಅದರ ಮ್ಯಾಲೂ ಒಂದ ಕೈ ಹಚ್ಚೀನಿ.” ಅಷ್ಟು ಹೇಳಿ ನನ್ನ ಮುಖ ನೋಡಿದಳು. ಆಮೇಲೆ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು.

ಕೆರೆದು ತೆಗೆದರೆ ಗಡಿಗೆಯೇ ಒಡೆಯುತ್ತದೆ. ಮೆತ್ತಿದ ಮಣ್ಣು ಒಣಗಿ ಗಟ್ಟಿಯಾದರೆ ಮರಿಯ ಹಲ್ಲು ಸಾಕಾಗುವುದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅಂದಿನಿಂದ ಅತ್ತೆ ದಿನಾ ಬೆಳಿಗ್ಗೆ ಕೋಳಿಗಳನ್ನು ಓಡಿಸುತ್ತ ಗೋಡೆಯ ಬುಡದಲ್ಲೇ ಕೂತಳು. ಒಮ್ಮೊಮ್ಮೆ ಗೋಡೆಗೆ ಕಿವಿ ಹಚ್ಚುತ್ತಿದ್ದಳು.

ತಿಂಗಳು ಮುಗಿಯಲು ಬಂದಾಗ ಒಂದು ಬೆಳಿಗ್ಗೆ ಮೊಳೆಯ ಪಕ್ಕ ಸೂಜಿಮೊನೆಯಷ್ಟು ತೂತು ಕಾಣಿಸಿತು. ಒಳಗಿನಿಂದ ಪುಡಿ ಉದುರುತ್ತಿತ್ತು. ತೂತು ದೊಡ್ಡದಾಗಿ ಎರಡು ಮೀಸೆ ಹೊರಗೆ ಬರುವಷ್ಟರಲ್ಲಿ ಬಿಸಿಲುಗಂಟೆ ಹೊಡೆಯಿತು. ಅತ್ತೆ ಸೆರಗು ಬಿಡಿಸಿ ನನ್ನ ತಲೆಯ ಮೇಲೆ ನೆರಳು ಹಿಡಿದಳು. ಪಕ್ಕದ ಮನೆಯವರು ಕಿಟಕಿಯಿಂದ, “ಗಂಗಮಾಳವ್ವಾ, ಒಳಗ ಹೋಗ, ಸಾಯ್ತೀ!” ಎಂದು ಕೂಗಿದರು.

“ಇಲ್ಲೊಂದು ಹೆರಿಗಿ ನಡದೈತಿ, ಮುಗಿಸಿ ಬರ್ತೀವಿ!”

ತಲೆ ಬಂತು, ಮುಂಗಾಲು ಬಂದವು. ಚಿತ್ರ ತೆಗೆದೆ. ಉಳಿದ ಮೈಯನ್ನು ಎಳೆದುಕೊಂಡು ಹೊರಬಂದು, ರೆಕ್ಕೆ ಒರೆಸಿಕೊಂಡು ಹಾರಿಹೋಯಿತು.

ನೆಲೆಚಿತ್ರ ನೋಡುವ ಸೋಮಲಿಂಗಪ್ಪನವರು ಬಂದು ಕಣ್ಣುಡಬ್ಬಿ ತಿರುಗಿಸಿ ತಿರುಗಿಸಿ ನೋಡಿದರು. “ಇದರಾಗ ಗೂಡೇ ಇಲ್ಲಲ್ಲವಾ. ಬರೀ ಗ್ವಾಡಿ ಐತಿ.”

“ಗ್ವಾಡಿ ಒಳಗಿಂದ ಬಂತಲ್ರೀ ಸಾಹೇಬ್ರ, ಬಾಡಿಗಿಗಿ ಇತ್ತೇನು?” ಎಂದಳು ಅತ್ತೆ. ಅವರು ನಕ್ಕರು, ಆದರೆ ತಲೆಯಾಡಿಸಲಿಲ್ಲ. ಆಗ ಅತ್ತೆ ದನಿ ತಗ್ಗಿಸಿದಳು. “ಗೂಡಿನ ಮ್ಯಾಲೆ ಮೆತ್ತಿದಾಕಿ ನಾನ ರೀ. ಹುಡುಗೀದು ಏನೂ ತಪ್ಪಿಲ್ಲ.”

ಗೂಡಿನ ಬಾಯಿ ಮುಚ್ಚುವಾಗಿನ ಹಳೆಯ ಚಿತ್ರವನ್ನು ಹುಡುಕಿ ನಾನು ಅವರ ಮುಂದೆ ಹಿಡಿದೆ. ಎರಡೂ ಚಿತ್ರದಲ್ಲಿದ್ದ ಮೊಳೆಯ ಮೇಲೆ ಬೆರಳಿಟ್ಟು, “ಇದ... ಇದೇ ಮೊಳಿ ರೀ” ಎಂದೆ. ಅವರು ಎದ್ದು ಗೋಡೆಯ ಬಳಿ ಹೋಗಿ ಮೊಳೆಯಿಂದ ತೂತಿನವರೆಗೆ ಬೆರಳಿಂದ ಅಳೆದರು. ಇನ್ನೊಂದು ವರ್ಷ ಹಿತ್ತಲು ಬಯಲಾಗಿಯೇ ಇರಲಿ ಎಂದರು. ಒಂದೇ ವರ್ಷ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಕಾಲದ ಚಿತ್ರಗಳು ನಮಗೆ ಸಿಗುತ್ತವೆ. ಹುಟ್ಟುಹಬ್ಬದವು, ಹೊಸ ಸೀರೆಯವು. ನಾವು ನಿಮ್ಮ ಮುಖ ಬಿಟ್ಟು ಹಿಂದಿನ ಗಿಡಗಳಲ್ಲಿ, ಮೂಲೆಯಲ್ಲಿ ಮಸುಕಾಗಿ ಕೂತ ಹುಳವನ್ನು ಹುಡುಕುತ್ತೇವೆ. ತಪ್ಪು ತಿಳಿಯಬೇಡಿ. ಒಮ್ಮೆಯಾದರೂ ಸ್ವಲ್ಪ ಬಗ್ಗಿ, ಅವುಗಳದ್ದೂ ಒಂದು ಚಿತ್ರ ತೆಗೆದಿಡಿ. ಯಾವುದು ಎಲ್ಲಿ ಮನೆ ಕಟ್ಟುತ್ತಿತ್ತೆಂದು ನಮಗೆ ತಿಳಿದರೆ, ಆ ಜಾಗ ಅವಕ್ಕೆ ಬಿಟ್ಟುಕೊಟ್ಟು, ಬರುವುದನ್ನು ಕಾಯಬಹುದು.

ಇವತ್ತು ಬೆಳಿಗ್ಗೆ ಬಚ್ಚಲ ಹಿಂದಿನ ಮಣ್ಣು ಒಣಗಿತ್ತು. ಹುಳಕ್ಕೆ ಗಡಿಗೆ ಕಟ್ಟಲು ಹಸಿ ಇರಲೆಂದು ಒಂದು ಚೊಂಬು ನೀರು ಹಾಕಿ ಬಂದೆ.

ಇಂದ್ರವ್ವ