ಹೆಡ್‌ಮಾಸ್ಟರರು ಅಂಟಿಸಿ ಕೊಟ್ಟ ಲಕೋಟೆ

ಖುರ್ಷೀದಾ,

"ಲಕೋಟೆ ಒಡೆದು ನನ್ನ ಲಂಡನ್ ಓದಿಗೇ ಕಲ್ಲು ಹಾಕಿಬಿಟ್ರಿ ಅಬ್ಬಾ" ಅಂತ ಕೂಗಾಡಿದೆಯಲ್ಲ, ಹೆಡ್‌ಮಾಸ್ಟರರು ಅಂಟಿಸಿ ಕೊಟ್ಟ ಶಿಫಾರಸು ಪತ್ರವನ್ನು ಹಾಗೆಯೇ ಕಾಲೇಜಿಗೆ ಕಳಿಸಬೇಕು ಅಂತ ನನಗೆ ಯಾರು ಹೇಳಿದ್ದರು? ನಮ್ಮಿಂದ ಮುಚ್ಚಿ ಬರೆದದ್ದು ಚಾಡಿಯೇ ಇರಬೇಕು ಅಂದುಕೊಂಡು ಒಡೆದೆ. ಇಂಗ್ಲಿಷಿನಲ್ಲಿತ್ತು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹತ್ತಿರ ಓದಿಸಿದೆ. ಇಪ್ಪತ್ತು ವರ್ಷದಲ್ಲಿ ಇಂಥ ಬುದ್ಧಿವಂತ ಹುಡುಗಿಯನ್ನು ಹೆಡ್‌ಮಾಸ್ಟರರು ಕಂಡಿಲ್ಲವಂತೆ. ಇನ್ನೊಂದು ಸಲ ಓದಿಸಿದೆ.

ಹೊಸ ಪತ್ರ ಬರೆಸಿಕೊಂಡು ಬರಲು ಏಳು ಗಂಟೆ ಬಸ್ಸಿಗೆ ಸಂಸೆಗೆ, ಅವರ ಮನೆಗೇ ಹೊರಟಿದ್ದೇನೆ. ಜಗಳ ಆಡುವುದಿಲ್ಲ, ಹೆದರಬೇಡ. ನೀನು ಫಾರಮ್ಮಿಗೆ ಫೋಟೋ ಅಂಟಿಸಿಡು. ರಾತ್ರಿ ಊಟ ಬಿಟ್ಟದ್ದು ಸಾಕು, ರೊಟ್ಟಿ ತಿನ್ನು. ಅಮ್ಮಿಯ ಮೇಲೆ ರೇಗಬೇಡ.

ಒಡೆದ ಪತ್ರ ಹುಡುಕಬೇಡ, ನನ್ನ ಜೇಬಿನಲ್ಲಿದೆ. ಬಸ್ಸಿನಲ್ಲಿ ಇಂಗ್ಲಿಷ್ ಬಲ್ಲವರು ಯಾರಾದರೂ ಸಿಕ್ಕೇ ಸಿಗುತ್ತಾರೆ.

ಅಬ್ಬಾ